ಆರನೆಯ ಪುಟ

ಕರಡದ ಹುಲ್ಲನ್ನು ಕುಡುಗೋಲಿನಿಂದ ಕುಯ್ದರೆ ಕೈಗೆ ಏನೂ ಆಗುವುದಿಲ್ಲ. ಬೇರು ಸಮೇತ ಕಿತ್ತರೆ ಅಂಗೈ ಹರಿಯುತ್ತದೆ. ಮೊದಲ ದಿನ ಬೊಬ್ಬೆ ಏಳುತ್ತದೆ. ಎರಡನೆಯ ದಿನ ಒಡೆಯುತ್ತದೆ. ಮೂರನೆಯ ದಿನದಿಂದ ಹುಲ್ಲಿಗೆ ರಕ್ತ ಅಂಟುತ್ತದೆ. ೧೯೫೮ರ ಬೇಸಗೆಯಲ್ಲಿ ನಮ್ಮ ಕೇರಿಯ ಮೂವತ್ತೆರಡು ಹೆಂಗಸರು ಇಪ್ಪತ್ತಾರು ದಿನ ಹೀಗೆ ಹುಲ್ಲು ಕಿತ್ತರು. ಕೀಳಬಾರದು ಎಂದು ಅವರಿಗೆ ಗೊತ್ತಿತ್ತು. ಕೀಳಬಾರದು ಎಂದು ಬರೆದ ಕಾಗದ ಕಚೇರಿಯಲ್ಲಿ ನನ್ನ ಮೇಜಿನ ಮೇಲಿತ್ತು.

ನನ್ನ ಹೆಸರು ಮಹದೇವಮ್ಮ. ನಮ್ಮ ಕೇರಿ ಮಂಡಿ ಮೊಹಲ್ಲಾದ ಬೆನ್ನಿಗೆ, ಊರಿನ ಚರಂಡಿ ಹೊರಗೆ ಬರುವ ಕಡೆ ಇದೆ. ಕೇರಿಯವರ ಕಸುಬು ಹುಲ್ಲು. ನಸುಕಿನಲ್ಲಿ ಎದ್ದು ಇಲವಾಲದ ದಾರಿ ಹಿಡಿದು ಐದು ಮೈಲಿ ನಡೆದು ಕರಡಬೋರೆಯ ಗುಡ್ಡ ಹತ್ತುವುದು, ಕುಯ್ಯುವುದು, ಹೊರೆ ಕಟ್ಟುವುದು, ತಲೆಯ ಮೇಲೆ ಹೊತ್ತು ಐದು ಮೈಲಿ ವಾಪಸು ಬರುವುದು. ಜಟಕಾ ಕುದುರೆಗಳು, ದೊಡ್ಡ ಮನೆಗಳ ಹಸುಗಳು ಆ ಹುಲ್ಲು ತಿನ್ನುತ್ತವೆ. ಆ ಹುಲ್ಲಿನ ದುಡ್ಡಿನಲ್ಲೇ ನಾನು ಓದಿದೆ. ಅಪ್ಪ ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅಪ್ಪನ ಅಕ್ಕ ಕೆಂಚಮ್ಮ. ಅವಳ ನೆತ್ತಿಯ ನಡುವೆ ಕೂದಲಿಲ್ಲ. ಹೊರೆ ತಿಂದುಹಾಕಿದೆ. ಆ ಬೋಳು ಜಾಗದ ಮೇಲೆ ನನ್ನ ಬಿ.ಎ. ನಿಂತಿದೆ.

ಬೋರೆಗಳ ಮೇಲೆ ಮತ್ತೆ ಕಾಡು ಬೆಳೆಸುವ ಯೋಜನೆ ಬಂದಾಗ ಅದರ ಕಚೇರಿಯಲ್ಲಿ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಎರಡು ವರ್ಷ ತಾತ್ಕಾಲಿಕ, ನಡತೆ ನೋಡಿ ಕಾಯಂ. ನನ್ನ ಕುರ್ಚಿ ಬಾಗಿಲ ಹತ್ತಿರದ ಕಿಟಕಿಯ ಪಕ್ಕ. ನನ್ನ ಲೋಟ ಅದೇ ಕಿಟಕಿಯ ಮೇಲೆ, ಉಳಿದವರ ಲೋಟಗಳಿಂದ ದೂರ. ಹಾಗೆ ಇಡಿ ಎಂದು ಯಾರೂ ಹೇಳಲಿಲ್ಲ. ಮೊದಲ ದಿನ ಬಂದಾಗಲೇ ಅದು ಅಲ್ಲಿತ್ತು. ನಾನು ಅದರಲ್ಲೇ ನೀರು ಕುಡಿದೆ. ಯಾವ ಬೂಟಿನ ಸದ್ದು ಯಾರದ್ದು, ಯಾವ ಕೆಮ್ಮಿಗೆ ಎದ್ದು ನಿಲ್ಲಬೇಕು, ಇದೆಲ್ಲ ಒಂದು ವಾರದಲ್ಲಿ ಕಲಿತೆ.

ಕಚೇರಿಯ ಸ್ಪೆಷಲ್ ಆಫೀಸರು ಏಕಾಂತಯ್ಯನವರು. ಬೋರೆಯ ಮೇಲೆ ಏನು ನೆಡಬೇಕು, ಹೇಗೆ ನೆಡಬೇಕು ಎಂದು ಹೇಳಬೇಕಾದವರು ಸಸ್ಯಶಾಸ್ತ್ರದ ಪ್ರೊಫೆಸರ್ ಗೋವಿಂದರಾಜು. ಇಬ್ಬರೂ ಒಂದೇ ಊರಿನಲ್ಲಿದ್ದರು. ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಪ್ರೊಫೆಸರು ಒಂದು ಸಲ ಕಚೇರಿಗೆ ಬಂದಾಗ ಏಕಾಂತಯ್ಯನವರು ಅವರನ್ನು ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕಾಯಿಸಿದ್ದರು. ಅಂದಿನಿಂದ ಪ್ರೊಫೆಸರು ಬರಲಿಲ್ಲ. ಆಫೀಸರು ತಾವಾಗಿ ಹೋಗುವವರಲ್ಲ. ಹೀಗಾಗಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ನನ್ನ ಕೆಲಸವಾಯಿತು. ಫೈಲು ಕಂಕುಳಲ್ಲಿಟ್ಟುಕೊಂಡು ಜಯಲಕ್ಷ್ಮಿಪುರಂಗೆ ನಡೆಯುತ್ತಿದ್ದೆ. ಪ್ರೊಫೆಸರ ಮನೆಯ ಜಗಲಿಯ ಮೇಲೆ ನಿಂತು ಕೊಡುತ್ತಿದ್ದೆ. ನಿಂತೇ ತೆಗೆದುಕೊಂಡು ಬರುತ್ತಿದ್ದೆ.

ಪ್ರೊಫೆಸರು ೧೯೫೭ರ ಡಿಸೆಂಬರಿನಲ್ಲಿ ಕರಡಬೋರೆಯನ್ನು ಮೂರು ದಿನ ಅಳೆದರು. ಟಿಪ್ಪಣಿ ಬರೆದುಕೊಳ್ಳಲು ಕಚೇರಿಯಿಂದ ನನ್ನನ್ನು ಕಳಿಸಿದ್ದರು. ಸರಪಳಿ ಹಿಡಿಯಲು, ಮಣ್ಣಿನ ಡಬ್ಬಿ ಹೊರಲು ಅತ್ತೆ ಕೆಂಚಮ್ಮನನ್ನು ಕರೆದರು. ಮೂರು ದಿನ ಅವಳು ಡಬ್ಬಿ ಹೊತ್ತಳು. ಎರಡನೆಯ ದಿನ ಪ್ರೊಫೆಸರು ಕೇಳಿದರು.

"ಯಾಕಮ್ಮ, ನೀವು ಹುಲ್ಲನ್ನ ಮೊಣಕಾಲುದ್ದ ಬಿಟ್ಟು ಕುಯ್ತೀರಿ? ಪೂರ್ತಿ ಕುಯ್ದರೆ ಹೊರೆ ದೊಡ್ಡದಾಗಲ್ವೆ?"

ಅತ್ತೆ ನಕ್ಕಳು. "ಬುಡದಾಗೆ ತಂಪು ಇರ್ತದೆ ಸ್ವಾಮಿ. ಅದ್ನ ತೆಗೆದ್ರೆ ಈ ಬೋರೆ ಮಣ್ಣು ಒಂದು ಮಳೆ ತಡಿಯಾಕಿಲ್ಲ. ಇಲ್ನೋಡಿ, ಈ ಬೇವಿನ ಸಸಿ ತಾನಾಗೇ ಉಟ್ಟದೆ. ಎಲ್ಲುಟ್ಟದೆ? ಉಲ್ಲಿನ ಒಳಗೆ. ಎರಡು ಬ್ಯಾಸಗೆ ಇದ್ಕೆ ಉಲ್ಲೇ ತಾಯಿ. ಆಮ್ಯಾಕೆ ಬುಡಿ, ಅದೇ ಬೆಳೀತದೆ."

ಪ್ರೊಫೆಸರು ಮಂಡಿಯೂರಿ ಕೂತು ಹುಲ್ಲು ಸರಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಇನ್ನೂ ಇಪ್ಪತ್ತು ಕಡೆ ನೋಡಿದರು. ಅತ್ತೆ ಹೇಳಿದ್ದು ಇಪ್ಪತ್ತು ಕಡೆಯೂ ನಿಜವಾಗಿತ್ತು.

ಫೆಬ್ರವರಿಯಲ್ಲಿ ಅವರ ವರದಿ ಬಂತು. ಇಂಗ್ಲಿಷಿನಲ್ಲಿ ಹನ್ನೊಂದು ಪುಟ. ಆರನೆಯ ಪುಟದಲ್ಲಿ ಹೀಗಿತ್ತು: ಯಾವ ಕಾರಣಕ್ಕೂ ಹುಲ್ಲು ಕೀಳಕೂಡದು. ಹುಲ್ಲು ಕಿತ್ತರೆ ಒಂದೇ ಮಳೆಯಲ್ಲಿ ಮಣ್ಣು ಹೋಗುತ್ತದೆ. ಸಸಿಗಳಿಗೆ ಎರಡು ಬೇಸಗೆ ಹುಲ್ಲಿನ ನೆರಳು ಬೇಕು. ಹನ್ನೊಂದನೆಯ ಪುಟದಲ್ಲಿ ಆಧಾರಗಳ ಪಟ್ಟಿ. ಕಡೆಯಲ್ಲಿ ಒಂದು ಸಾಲು: ಸ್ಥಳೀಯರಿಂದ ಉಪಯುಕ್ತ ಮಾಹಿತಿ ದೊರೆಯಲಿಲ್ಲ.

ಆ ಸಾಲನ್ನು ನಾನು ಎರಡು ಸಲ ಓದಿದೆ. ವರದಿಯನ್ನು ಫೈಲಿಗೆ ಸೇರಿಸಿದೆ.

ಏಕಾಂತಯ್ಯನವರು ಹನ್ನೊಂದು ಪುಟ ಓದುವವರಲ್ಲ. "ಒಂದು ಹಾಳೆಗೆ ಇಳಿಸಿ, ಕನ್ನಡದಲ್ಲಿ" ಎಂದರು. ಇಳಿಸಿದೆ. ಮೊದಲ ಸಾಲಿನಲ್ಲೇ ಬರೆದೆ: ಹುಲ್ಲು ಕೀಳಕೂಡದು. ಅವರು ಹಾಳೆಯನ್ನು ಮೇಜಿನ ಆಚೆ ತುದಿಗೆ ತಳ್ಳಿದರು. ಅದು ನೆಲಕ್ಕೆ ಬಿತ್ತು.

"ಕೂಡದು? ನನಗೆ? ಮಿಸ್ ಮಹದೇವಮ್ಮ, ಮೇಲಿನವರ ಮೇಜಿಗೆ ಬರುವ ಕಾಗದದಲ್ಲಿ ಕೂಡದು ಅನ್ನೋ ಮಾತು ಇರಬಾರದು. ಇಷ್ಟು ದಿನಕ್ಕೆ ಇಷ್ಟೂ ಕಲಿಯಲಿಲ್ಲವೆ? ಕಾಲೇಜಿನಲ್ಲಿ ಏನು ಓದಿದಿರಿ? ಕೊಟ್ಟ ಸ್ಕಾಲರ್‌ಶಿಪ್ಪು ದಂಡ."

ಬಗ್ಗಿ ಹಾಳೆ ತೆಗೆದುಕೊಂಡೆ. ನನ್ನ ಕಾಯಂ ಆಗುವುದಕ್ಕೆ ಇನ್ನೂ ಹದಿನಾಲ್ಕು ತಿಂಗಳಿತ್ತು. ಹೊಸ ಹಾಳೆ ಬರೆದೆ. ಗುಂಡಿಯ ಅಳತೆ, ಸಸಿಗಳ ಹೆಸರು, ನೆಡುವ ತಿಂಗಳು, ಎಲ್ಲ ಮೇಲೆ ಬಂದವು. ಕಟ್ಟಕಡೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: ಹುಲ್ಲಿನ ವಿಷಯದಲ್ಲಿ ಪ್ರೊಫೆಸರವರು ಕೆಲವು ಸಲಹೆಗಳನ್ನು ಕೊಟ್ಟಿರುತ್ತಾರೆ, ಸಮಯವಾದಾಗ ಪರಿಶೀಲಿಸಬಹುದು.

ಏಕಾಂತಯ್ಯನವರು ಓದಿ ಸಹಿ ಹಾಕಿದರು. "ಈಗ ಕಾಗದದ ಹಾಗಿದೆ" ಎಂದರು.

ಆ ಹೊಗಳಿಕೆಯಿಂದ ನನಗೆ ಸಮಾಧಾನವಾಯಿತು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ.

ಜುಲೈ ತಿಂಗಳಿನಲ್ಲಿ ವನಮಹೋತ್ಸವ. ದೊಡ್ಡವರು ಬರುತ್ತಾರೆ. ರಸ್ತೆಯಿಂದ ನೋಡಿದರೆ ಗಿಡದ ಸಾಲುಗಳು ದಾರ ಎಳೆದ ಹಾಗೆ ಕಾಣಬೇಕು. ಹುಲ್ಲಿದ್ದರೆ ಸಾಲು ಕಾಣುವುದಿಲ್ಲ. ಏಪ್ರಿಲಿನಲ್ಲಿ ಹುಕುಂ ಹೊರಟಿತು: ಹುಲ್ಲು ಬೇರು ಸಮೇತ ಕಿತ್ತು ಬೋರೆ ಚೊಕ್ಕಟ ಮಾಡುವುದು. ಆ ಹುಕುಂ ಟೈಪು ಮಾಡಿದವಳೂ ನಾನೇ. ಕೀಳುವ ಕೆಲಸಕ್ಕೆ ಯಾರು? ಹುಲ್ಲಿನವರೇ. ಅವರ ಅನ್ನವನ್ನು ಅವರ ಕೈಯಿಂದಲೇ ಕೀಳಿಸಿದರು.

ಹುಕುಂ ಬಂದ ಸಂಜೆ ಅತ್ತೆ ಒಲೆ ಮುಂದೆ ಕೂತು ಕೇಳಿದಳು.

"ಮಾದೇವಿ, ಆ ಕನ್ನಡಕದ ಸ್ವಾಮಿಗೆ ನಾನು ಏಳಿದ್ನಲ್ಲ, ಅದ್ನ ಅವ್ರು ಬರೀಲಿಲ್ವಾ?"

"ಬರೆದಿದ್ದಾರೆ ಅತ್ತೆ."

"ಮತ್ತೆ ನಿಮ್ಮ ಸಾಹೇಬ್ರು ಓದಲಿಲ್ವಾ?"

"ನಾನು ತಿಳಿಸಿದ್ದೀನಿ."

"ಗಟ್ಟಿಯಾಗಿ ತಿಳ್ಸಿದ್ಯಾ?"

ನಾನು ರೊಟ್ಟಿ ತಿರುವಿ ಹಾಕಿದೆ. "ತಿಳಿಸೋ ರೀತಿಯಲ್ಲಿ ತಿಳಿಸಿದ್ದೀನಿ."

ಅತ್ತೆ ಮತ್ತೆ ಕೇಳಲಿಲ್ಲ. ನನ್ನ ಮಾತಿನ ಮೇಲೆ ಅವಳಿಗೆ ನಂಬಿಕೆ. ಓದಿದವಳು, ಹೇಳಿದ್ದರೆ ಸರಿಯಾಗೇ ಹೇಳಿರುತ್ತಾಳೆ.

ಮೊದಲ ದಿನ ಬೋರೆಯ ಮೇಲೆ ಹಾಜರಿ ಬರೆಯಲು ನಾನು ಹೋಗಿದ್ದೆ. ಮೇಸ್ತ್ರಿ ಹುಚ್ಚಣ್ಣ ಕೊಡೆ ಹಿಡಿದು ನಿಂತಿದ್ದ. ಅತ್ತೆ ಅವನ ಮುಂದೆ ಹೋಗಿ ನಿಂತಳು.

"ಉಚ್ಚಣ್ಣ, ಉಲ್ಲು ಕಿತ್ರೆ ಮಣ್ಣು ನಿಲ್ಲಾಕಿಲ್ಲ ಕಣಪ್ಪ. ನೀನೂ ಒಲ ಕಂಡೋನು. ಸಾಹೇಬ್ರಿಗೆ ಒಂದ್ಮಾತು ಏಳು."

"ಓಹೋ. ಕಾಲೇಜಿನಾಗೆ ಪಾಠ ಏಳೋಕೆ ಓಗ್ತೀಯಾ ಕೆಂಚಮ್ಮ? ಕುರ್ಚಿ ಆಕುಸ್ಲಾ?"

"ನಾನು ಏಳ್ತೀನಿ. ಕೇಳಾಕೆ ನಿಂಗೆ ತಲೆ ಇರಬೇಕಲ್ಲ. ಕೊಡೆ ಇಡ್ಕಂಡಿದ್ದೀಯ, ಅದ್ರ ಕೆಳಗೆ ಏನಿದ್ದದು?"

ಹೆಂಗಸರು ನಕ್ಕರು. ಹುಚ್ಚಣ್ಣ ನಗಲಿಲ್ಲ. "ಬಗ್ಗು" ಎಂದ. "ಇವತ್ತು ನಿನ್ನ ಸಾಲು ಎಲ್ಲಾರಿಗಿಂತ ಉದ್ದ."

ಅತ್ತೆ ಬಗ್ಗಿದಳು. ಅವಳಿಗೆ ಐವತ್ತೆಂಟು ವರ್ಷ. ಬಿಸಿಲು ಏರಿತು. ಕರಡದ ಬೇರು ಸುಲಭಕ್ಕೆ ಬರುವುದಿಲ್ಲ. ಎರಡು ಕೈಯಲ್ಲಿ ಹಿಡಿದು, ಹಿಮ್ಮಡಿ ಊರಿ, ಸೊಂಟದಿಂದ ಜಗ್ಗಬೇಕು. ಬಂದರೆ ಹಿಂದಕ್ಕೆ ಬೀಳುತ್ತಾರೆ. ಬರದಿದ್ದರೆ ಎಲೆಯ ಅಂಚು ಅಂಗೈ ಸೀಳುತ್ತದೆ. ಹೆಂಗಸರು ಬೀಳುತ್ತಿದ್ದರು, ಏಳುತ್ತಿದ್ದರು. ನಾನು ನೆರಳಿನಲ್ಲಿ ಕೂತು ಹೆಸರಿನ ಮುಂದೆ ಗುರುತು ಹಾಕುತ್ತಿದ್ದೆ. ಸಂಜೆ ಅತ್ತೆಯ ಕೈಗೆ ಎಣ್ಣೆ ಹಚ್ಚಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಸಾರಿಗೆ ಕೈ ಹಾಕಿದಾಗ ಮಾತ್ರ ಉಪ್ಪು ತಾಗಿ ಹಲ್ಲು ಕಚ್ಚಿದಳು.

ನಡುವೆ ಪ್ರೊಫೆಸರು ಒಂದು ಸಲ ಕೇಳಿದರು. "ಹುಲ್ಲು ಉಳಿಸಿದ್ದಾರಷ್ಟೆ?"

"ಕೆಲಸ ನಡೀತಾ ಇದೆ ಸರ್" ಎಂದೆ. ಅದು ಸುಳ್ಳಲ್ಲ. ಹಾಗೆ ಅಂದುಕೊಂಡೆ. ಅವರು ತಲೆಯಾಡಿಸಿ ಒಳಗೆ ಹೋದರು. ಐದು ಮೈಲಿ ಹೋಗಿ ನೋಡಲಿಲ್ಲ.

ಜುಲೈನಲ್ಲಿ ಎಂಟು ಸಾವಿರ ಸಸಿ ನೆಟ್ಟರು. ಸಾಲುಗಳು ದಾರ ಎಳೆದ ಹಾಗೆ ಕಂಡವು. ಭಾಷಣಗಳಾದವು. ಹೆಂಗಸರನ್ನು ಆ ದಿನ ಬೋರೆಯ ಹಿಂಬದಿಗೆ ಕಳಿಸಿದ್ದರು, ಫೋಟೋದಲ್ಲಿ ಬರದ ಹಾಗೆ. ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಎರಡು ಗಂಟೆ ಮಳೆ ಹೊಡೆಯಿತು. ಬೋರೆಯ ಮಣ್ಣು ಕೆಂಪಗೆ ಇಳಿದು ಇಲವಾಲದ ರಸ್ತೆಯ ಮೇಲೆ ಮೊಣಕಾಲುದ್ದ ನಿಂತಿತು. ಆ ಮಣ್ಣಿನಲ್ಲಿ ಸಸಿಗಳು ಸೌದೆಪುಳ್ಳೆಯ ಹಾಗೆ ಬಿದ್ದಿದ್ದವು. ಉಳಿದವು ಮಾರ್ಚಿನ ಬಿಸಿಲಿಗೆ ಒಣಗಿದವು. ಮರುವರ್ಷ ಬೋರೆಯ ಮೇಲೆ ಕಾಡೂ ಇಲ್ಲ, ಹುಲ್ಲೂ ಇಲ್ಲ. ನಮ್ಮ ಹೆಂಗಸರು ಇನ್ನೊಂದು ಬೋರೆ ಹುಡುಕಿಕೊಂಡು ಒಂಬತ್ತು ಮೈಲಿ ನಡೆದರು.

ಬೆಂಗಳೂರಿನಿಂದ ಕಾಗದ ಬಂತು. ಎಂಟು ಸಾವಿರ ಸಸಿ ಯಾಕೆ ಸತ್ತವು? ಸೋಮವಾರ ಸಮಿತಿ ಬರುತ್ತದೆ, ಜಾಗ ನೋಡುತ್ತದೆ, ಜನರನ್ನು ವಿಚಾರಿಸುತ್ತದೆ, ಕಾರಣ ತಯಾರಾಗಿರಲಿ.

ಶನಿವಾರ ಪ್ರೊಫೆಸರು ಕಚೇರಿಗೆ ಬಂದರು. ಈ ಸಲ ಏಕಾಂತಯ್ಯನವರು ಬಾಗಿಲ ತನಕ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಕಾಫಿ ತರಿಸಿದರು. ನಡಾವಳಿ ಬರೆಯಲು ನಾನು ಮೂಲೆಯಲ್ಲಿ ಕೂತೆ. ಹೊರಗೆ ಬಿಸಿಲಿನಲ್ಲಿ ಕೇರಿಯ ಹೆಂಗಸರು ಕೂತಿದ್ದರು. ಅವರನ್ನೂ ಬರಹೇಳಿದ್ದರು. ಜಗಲಿಯ ಮೆಟ್ಟಿಲು ಹತ್ತುವುದಕ್ಕೆ ಅವರಿಗೆ ಅಪ್ಪಣೆಯಿರಲಿಲ್ಲ. ಕೂಲಿಯನ್ನೂ ಕೆಳಗಿನ ಮೆಟ್ಟಿಲ ಮೇಲೆ ಇಟ್ಟು ತೆಗೆದುಕೊಳ್ಳಿ ಎನ್ನುವ ಕಚೇರಿ ಅದು.

"ನಾವಿಬ್ಬರೂ ಮೊದಲೇ ಹೀಗೆ ಕೂತು ಮಾತಾಡಿದ್ದರೆ ಚೆನ್ನಾಗಿತ್ತು ಪ್ರೊಫೆಸರೆ" ಎಂದರು ಏಕಾಂತಯ್ಯನವರು.

"ನಿಜ. ವಿಜ್ಞಾನಕ್ಕೂ ಆಡಳಿತಕ್ಕೂ ಸಂಪರ್ಕ ಸಾಲದು. ಅದೇ ನಮ್ಮ ದೇಶದ ತೊಂದರೆ."

"ಇನ್ನು ಮುಂದೆ ತಿಂಗಳಿಗೊಂದು ಸಲ ಕೂರೋಣ. ಈಗ ಸೋಮವಾರದ್ದು ನೋಡೋಣ. ನಿಮ್ಮ ವರದಿಯಲ್ಲಿ ತಪ್ಪಿಲ್ಲ. ನನ್ನ ಹುಕುಂನಲ್ಲೂ ತಪ್ಪಿಲ್ಲ. ಹಾಗಾದರೆ ಗಿಡ ಯಾಕೆ ಸತ್ತವು?"

ಪ್ರೊಫೆಸರು ಕನ್ನಡಕ ಒರೆಸಿದರು. ಅವರಿಗೆ ಗೊತ್ತಿತ್ತು. ಬೆಳಿಗ್ಗೆ ಬೋರೆಗೆ ಹೋಗಿ ನೋಡಿಕೊಂಡೇ ಬಂದಿದ್ದರು. ಬೂಟಿಗೆ ಕೆಂಪು ಮಣ್ಣು ಅಂಟಿತ್ತು.

"ಜನರ ಹಾವಳಿ ಅನ್ನಬಹುದು" ಎಂದರು. "ಸಾಮಾನ್ಯವಾಗಿ ಎಲ್ಲ ಕಡೆ ಇರುತ್ತದೆ."

"ಅದೇ. ಹುಲ್ಲು ಕುಯ್ಯೋ ಹೆಂಗಸರು. ಹುಲ್ಲಿನ ಜೊತೆ ಗಿಡವನ್ನೂ ಕುಯ್ದರು. ಆ ಕೆಂಚಮ್ಮ ಅನ್ನೋಳು ಮುಂದಾಳು, ಕೆಲಸದ ಮೊದಲ ದಿನವೇ ತಕರಾರು ತೆಗೆದಿದ್ದಾಳೆ ಅಂತ ಮೇಸ್ತ್ರಿ ಹೇಳ್ತಾನೆ. ಅವಳ ಮೇಲೆ ಪೊಲೀಸಿಗೆ ಬರೆಯೋಣ. ಇನ್ನು ಮುಂದೆ ಊರಿನ ಸುತ್ತ ಯಾವ ಬೋರೆಗೂ ಹುಲ್ಲಿನವರು ಕಾಲಿಡಕೂಡದು ಅಂತ ಒಂದು ಹುಕುಂ. ಏನಂತೀರಿ?"

ಪ್ರೊಫೆಸರು ಕಾಫಿ ಕುಡಿದರು. "ಆಡಳಿತದ ವಿಷಯ. ನಿಮಗೆ ಬಿಟ್ಟದ್ದು."

ಒಂದೂವರೆ ವರ್ಷ ನಾನು ಇವರಿಬ್ಬರ ನಡುವೆ ನಡೆದೆ. ಒಬ್ಬರ ಒಂದು ಮಾತೂ ಇನ್ನೊಬ್ಬರಿಗೆ ತಲುಪಲಿಲ್ಲ. ಈಗ ಅರ್ಧ ಗಂಟೆಯಲ್ಲಿ ಎಲ್ಲ ತಲುಪಿತು.

ಏಕಾಂತಯ್ಯನವರು ನನ್ನ ಕಡೆ ತಿರುಗಿದರು. ದನಿ ಮೆತ್ತಗಿತ್ತು. "ಬರೆದುಕೊಳ್ಳಿ ಮಿಸ್ ಮಹದೇವಮ್ಮ. ಹೆಂಗಸರು ವಿಚಾರಣೆಯಲ್ಲಿ ತಪ್ಪು ಒಪ್ಪಿಕೊಂಡರು. ಕೆಳಗೆ ಸಾಕ್ಷಿ ಅಂತ ನಿಮ್ಮ ಸಹಿ. ನೀವು ಅದೇ ಕೇರಿಯವರು, ನೀವು ಬರೆದರೆ ಸಮಿತಿಯವರು ಎರಡನೇ ಮಾತು ಕೇಳಲ್ಲ. ನಿಮ್ಮ ಕಾಯಂ ಕಾಗದ ಇಲ್ಲೇ ಇದೆ. ಇವತ್ತೇ ಸಹಿ ಹಾಕ್ತೀನಿ."

ಪೆನ್ನು ಕೈಯಲ್ಲಿತ್ತು. ಕಿಟಕಿಯ ಆಚೆ ಅತ್ತೆಯ ನೆತ್ತಿ ಕಾಣುತ್ತಿತ್ತು. ಸೆರಗು ಜಾರಿತ್ತು. ಬಿಸಿಲು ನೇರವಾಗಿ ಆ ಬೋಳು ಜಾಗಕ್ಕೆ ಬಿದ್ದಿತ್ತು.

"ಬರೆಯಲ್ಲ" ಎಂದೆ.

"ಏನು?"

"ಬರೆಯಲ್ಲ ಸರ್. ಸುಳ್ಳು."

ಆ ಕೋಣೆಯಲ್ಲಿ ಆ ಮಾತನ್ನು ನಾನು ಎಂದೂ ಆಡಿರಲಿಲ್ಲ. ಎದ್ದು ಫೈಲು ಬಿಚ್ಚಿದೆ. ಆರನೆಯ ಪುಟ ತೆಗೆದೆ. "ಹುಲ್ಲು ಕೀಳಕೂಡದು ಅಂತ ಪ್ರೊಫೆಸರು ಬರೆದಿದ್ದಾರೆ. ಕೀಳಿ ಅಂತ ತಾವು ಹುಕುಂ ಮಾಡಿದಿರಿ. ಅದಕ್ಕೆ ಗಿಡ ಸತ್ತವು."

ಏಕಾಂತಯ್ಯನವರ ಮುಖ ಕಪ್ಪಿಟ್ಟಿತು. "ನನಗೆ ಹಾಗಂತ ಯಾರೂ ತಿಳಿಸಿಲ್ಲ."

"ನಾನು ಬರೆದಿದ್ದೆನಲ್ಲ" ಎಂದರು ಪ್ರೊಫೆಸರು ಮೆಲ್ಲಗೆ.

"ನನಗೆ ಬಂದ ಹಾಳೆಯಲ್ಲಿ ಇರಲಿಲ್ಲ."

ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು. ಅವರ ಮುಖಗಳು ಹಗುರಾದದ್ದನ್ನು ನಾನು ಕಣ್ಣಾರೆ ಕಂಡೆ. ಇನ್ನೊಂದು ಕಾರಣ ಸಿಕ್ಕಿತ್ತು. ಮೊದಲಿನದ್ದಕ್ಕಿಂತ ಒಳ್ಳೆಯದು. ಕೋಣೆಯ ಒಳಗೇ ಇತ್ತು.

"ಹಾಗಾದರೆ ಇದು ಗುಮಾಸ್ತೆಯ ತಪ್ಪು" ಎಂದರು ಏಕಾಂತಯ್ಯನವರು.

"ಹೌದು" ಎಂದೆ. "ತಾವು ನೆಲಕ್ಕೆ ಹಾಕಿದ ಹಾಳೆಯಲ್ಲಿ ಅದು ಮೊದಲನೇ ಸಾಲು. ಎರಡನೇ ಹಾಳೆಯಲ್ಲಿ ಅದನ್ನು ಸಾಯಿಸಿದವಳು ನಾನು. ಹೆದರಿಕೊಂಡು ಸಾಯಿಸಿದೆ. ಬರೆದುಕೊಳ್ಳಿ. ನನ್ನ ಸಹಿ ಹಾಕ್ತೀನಿ. ಆದರೆ ಜೊತೆಯಲ್ಲಿ ಈ ಪುಟವೂ ಸಮಿತಿಗೆ ಹೋಗಬೇಕು."

"ಅದು ಕಚೇರಿಯ ಕಾಗದ. ಏನು ಹೋಗಬೇಕು, ಏನು ಹೋಗಬಾರದು ನಾನು ಹೇಳ್ತೀನಿ. ಇಲ್ಲಿ ಕೊಡಿ."

ಪ್ರೊಫೆಸರನ್ನು ನೋಡಿದೆ. "ಸರ್, ಈ ಮಾತು ನಿಮಗೆ ಯಾರು ಹೇಳಿದ್ದು?"

ಅವರು ಕಾಫಿಯ ಲೋಟದೊಳಗೆ ನೋಡಿದರು.

ನಾನು ಕಾಗದ ಕೊಡಲಿಲ್ಲ. ಹೊರಗೆ ನಡೆದೆ. ಹಿಂದಿನಿಂದ ಕೂಗು ಕೇಳಿತು. "ಕಚೇರಿಯ ಕಾಗದ ಹೊರಗೆ ಒಯ್ಯಕೂಡದು!" ಮೂರು ಮೆಟ್ಟಿಲು ಇಳಿದೆ. ಬಿಸಿಲಿನಲ್ಲಿ ನಿಂತೆ. ಮೂವತ್ತೆರಡು ಮುಖ ಮೇಲೆ ನೋಡಿದವು.

ಇಂಗ್ಲಿಷು ನೋಡಿಕೊಂಡು ಕನ್ನಡದಲ್ಲಿ ಓದಿದೆ. ಏನನ್ನೂ ಮೆತ್ತಗೆ ಮಾಡಲಿಲ್ಲ. "ಯಾವ ಕಾರಣಕ್ಕೂ ಹುಲ್ಲು ಕೀಳಕೂಡದು. ಕಿತ್ತರೆ ಒಂದೇ ಮಳೆಯಲ್ಲಿ ಮಣ್ಣು ಹೋಗುತ್ತದೆ. ಸಸಿಗೆ ಎರಡು ಬೇಸಗೆ ಹುಲ್ಲಿನ ನೆರಳು ಬೇಕು."

ಅತ್ತೆ ಎದ್ದಳು.

"ಇದು ನಾನು ಏಳಿದ್ದಲ್ವೇನೆ?"

"ನೀನೇ ಹೇಳಿದ್ದು ಅತ್ತೆ."

"ಇದು ಯಾವತ್ತು ಬಂತು ನಿನ್ನ ಕೈಗೆ?"

"ಹೋದ ವರ್ಷ ಫೆಬ್ರವರಿ. ನೀವು ಕೀಳೋದಕ್ಕೆ ಎರಡು ತಿಂಗಳು ಮೊದಲು."

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಗಾಯ ಮಾಗಿ ಗೀರು ಗೀರಾಗಿ ಗಟ್ಟಿಯಾಗಿತ್ತು. ಬೆರಳು ಪೂರ್ತಿ ಚಾಚಲು ಬರುತ್ತಿರಲಿಲ್ಲ. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಆವತ್ತೇ ಓದಿದ್ರೆ ಈ ಕೈ ಉಳೀತಿತ್ತು ಕಣವ್ವ" ಎಂದಳು. ಅಷ್ಟೇ. ಆ ಮಾತು ಇನ್ನೂ ನನ್ನ ಮೇಲಿದೆ.

ಒಳಗಿನಿಂದ ಹುಚ್ಚಣ್ಣ ಓಡಿ ಬಂದ. "ಕಾಗದ ಕೊಡಮ್ಮ. ಸಾಹೇಬ್ರು ಕಿತ್ಕೊಂಡು ಬಾ ಅಂದವ್ರೆ."

ಅತ್ತೆ ಅವನ ಮುಂದೆ ನಿಂತಳು. "ಕಿತ್ಕೋ ಉಚ್ಚಣ್ಣ. ಕೀಳೋದು ನಿಮಗೆ ಚೆನ್ನಾಗಿ ಬತ್ತದೆ. ಒಂದು ಗಳಿಗೆ ತಡಿ." ನನ್ನ ಕಡೆ ತಿರುಗಿದಳು. "ಸ್ವಾಮವಾರ ಬೆಂಗ್ಳೂರಿನೋರು ಬಂದು ನಮ್ಮನ್ನ ಕೇಳ್ತಾರಂತಲ್ಲ. ಕಾಗದ ಇವ್ರು ಸುಡ್ಲಿ, ನುಂಗ್ಲಿ. ನಮಗೆ ಬಾಯಿಪಾಠ ಮಾಡುಸು. ಮೂವತ್ತೆರಡು ಬಾಯಿ ಅದೆ. ಎಷ್ಟು ಸುಡ್ತಾರೆ?"

ಓದಿದೆ. ಹೆಂಗಸರು ಹೇಳಿದರು. ಮೊದಲು ಮೂರು ನಾಲ್ಕು ದನಿ. ಆಮೇಲೆ ಹತ್ತು. ಆಮೇಲೆ ಎಲ್ಲ. ಒಳಗಿನಿಂದ ಯಾರೋ ನನ್ನ ಕುರ್ಚಿಯ ಪಕ್ಕದ ಕಿಟಕಿ ಮುಚ್ಚಿದರು.

ಅತ್ತೆ ಮೆಟ್ಟಿಲು ಹತ್ತಿದಳು. ಒಂದು, ಎರಡು, ಮೂರು. ಹುಚ್ಚಣ್ಣ ಬಾಯಿ ತೆರೆದು ನೋಡುತ್ತಿದ್ದ. ಅವಳು ಕಿಟಕಿಯ ಬಾಗಿಲಿಗೆ ಆ ಗೀರು ಬಿದ್ದ ಅಂಗೈ ಒತ್ತಿ ತಳ್ಳಿದಳು. ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ತೆರೆಯಿತು. ನನ್ನ ಲೋಟ ಒಳಗೆ ಬಿದ್ದು ಉರುಳುವ ಸದ್ದು ಕೇಳಿತು. ಅವಳು ಕೈ ತೆಗೆಯಲಿಲ್ಲ. ಅಲ್ಲೇ ನಿಂತು ನನಗೆ ಹೇಳಿದಳು.

"ಮೊದ್ಲಿಂದ ಓದು. ಗಟ್ಟಿಯಾಗಿ."

ಓದಿದೆ. ಮೂವತ್ತೆರಡು ಜನ ಹೇಳಿದರು.

"ಉಲ್ಲು ಕೀಳಕೂಡದು."